ಜ್ವರವನ್ನೂ ಬೈಯುತ್ತಿದ್ದ ನಮ್ಮತ್ತೆ

ನಮ್ಮ ಸೋದರತ್ತೆಯ ಬಾಯಿಗೆ ಹೆದರಿ ಯಮನೂ ಆದವಾನಿಯ ಆಸ್ಪತ್ರೆಗೆ ಹಿಂಬಾಗಿಲಿನಿಂದ ಬರುತ್ತಿದ್ದನಂತೆ. ಏನು ಮಾಡುವುದು, ಹಾಗಾದರೂ ಬಂದೇ ಬರುತ್ತಿದ್ದನಲ್ಲ!

ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡ ಅತ್ತೆ, ಮೂಲೆ ಹಿಡಿದು ಕೂರದೆ ನರ್ಸ್ ಕೆಲಸ ಕಲಿತು, ಹೆಂಗಸರ ವಾರ್ಡಿಗೆ ದೊಡ್ಡ ನರ್ಸಮ್ಮ ಆಗಿದ್ದಳು. ಅದು ಯುದ್ಧದ ಕಾಲ. ಕ್ವಿನೈನ್ ಗುಳಿಗೆ ಸಿಗುತ್ತಿರಲಿಲ್ಲ, ಬೈಗುಳಕ್ಕೆ ಮಾತ್ರ ಬರವಿರಲಿಲ್ಲ! ದೇವನಕೊಂಡದ ಗಂಡನ ಮನೆಯಿಂದ ಚಳಿಜ್ವರ ಹೊತ್ತು ಬಂದು ನಾನೂ ಅಲ್ಲಿ ಮಲಗಿದೆ. ಸ್ವಂತ ಅಣ್ಣನ ಮಗಳೆಂದು ರಿಯಾಯಿತಿ ಸಿಕ್ಕಿತೇ?

"ಗಂಜಿ ಒಲ್ಲೆ ಅಂತೀಯೇನ? ಸಾಯೋದಿದ್ರ ಗಂಡನ ಮನಿಗೆ ಹೋಗಿ ಸಾಯಿ. ಇಲ್ಲಿ ಮಂಚ ಕಡಿಮಿ ಅದಾವ!"

ಗಟಗಟ ಕುಡಿದೆ.

ಒಮ್ಮೆ ಡಾಕ್ಟರು ಕೆಸರು ಬೂಟಿನಲ್ಲೇ ತೊಳೆದ ನೆಲ ತುಳಿದರು. "ಮಂದಿ ರೋಗ ಆಮ್ಯಾಗ ನೋಡೀರಂತ, ಮೊದಲು ನಿಮ್ಮ ಬೂಟು ನೋಡಿಕೋರಿ!" ಪಾಪ, ಬೂಟನ್ನು ಕೈಯಲ್ಲಿ ಹಿಡಿದೇ ನಾಡಿ ನೋಡಿ ಹೋದರು!

ನನ್ನ ಪಕ್ಕದ ಮಂಚದಲ್ಲಿ ಚಿಪ್ಪಗಿರಿ ಕಡೆಯ ಕುರಿಗಾರನ ಹೆಂಡತಿ. ಕೂಸು ಹುಟ್ಟುವಾಗಲೇ ಹೋಗಿತ್ತು. ಬಾಣಂತಿ ಜ್ವರ ಇಳಿಯುತ್ತಿರಲಿಲ್ಲ. ಬೇಕಾದ ಔಷಧಿ ಊರಲ್ಲೇ ಇಲ್ಲವೆಂದು ಡಾಕ್ಟರು ಕೈಚೆಲ್ಲಿದ್ದರು. ಅತ್ತೆ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಜ್ವರವನ್ನೇ ಬೈಯುತ್ತಿದ್ದಳು: "ನಾಚಿಕಿ ಇಲ್ಲೇನ ನಿನಗ? ಇನ್ನಾ ಸಣ್ಣ ಹುಡುಗಿ ಐತಿ. ಇಳಿ, ಇಳಿತೀಯೋ ಇಲ್ಲೋ!"

ಅವಳ ಗಂಡ ಕಂಬಳಿ ಹೊದ್ದು ಹೊರಗೆ ಬೇವಿನ ಮರದಡಿ ಕೂತಿರುತ್ತಿದ್ದ. ಕಿಟಕಿಯಲ್ಲಿ ಇಣುಕಿದರೆ ಅವನಿಗೂ ಮಂಗಳಾರತಿ: "ಇದೇನು ಕುರಿಹಟ್ಟಿ ಅಂದ್ಕೊಂಡೀಯೇನಲೇ?"

ಒಂದು ಮಧ್ಯಾಹ್ನ ಆ ಹುಡುಗಿಯ ಉಸಿರು ನಿಂತಿತು. ಅತ್ತೆ ಅವಳ ಕಣ್ಣು ಮುಚ್ಚಿ, ಸೆರಗು ಸರಿಪಡಿಸಿ ಹೊರಗೆ ನಡೆದಳು. ಕಿಟಕಿಯಿಂದ ನನಗೆಲ್ಲ ಕಾಣುತ್ತಿತ್ತು. ಕುರಿಗಾರ ಎದ್ದು ನಿಂತ.

"ಅಮ್ಮಾ, ಬೈರಿ," ಎಂದ.

ಅತ್ತೆ ಅವನ ಮುಂದೆ ಬಂದು ನಿಂತಳು.

"ಹೊತ್ತಾತ್ರಿ ನಿಮ್ಮ ದನಿ ಕೇಳಿ. ಒಳಗ ನೀವು ಬೈತಿದ್ರ ಆಕಿ ಇನ್ನಾ ಅದಾಳ ಅಂತ ಧೈರ್ಯ ಇತ್ತು. ಒಂದು ಮಾತು ಬೈರಿ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದು ಅವಳ ಕಾಲ ಬಳಿ ಮಂಡಿಯೂರಿದ.

ಅತ್ತೆ ಬಾಯಿ ತೆರೆದಳು. ದನಿ ಹೊರಡಲಿಲ್ಲ. ಗಂಜಿ ಹಾಕಿದ ಬಿಳಿ ಸೀರೆಯಲ್ಲೇ ಮಣ್ಣಿನಲ್ಲಿ ಅವನ ಪಕ್ಕ ಕುಸಿದು ಕೂತು, ಸೆರಗಿನಿಂದ ಅವನ ಮುಖ ಒರೆಸತೊಡಗಿದಳು.