ಮೊದಲನೆಯ ಗುದ್ದಲಿ ಯಾರು ಹಾಕಿದರು?

ತನಗೆ ಬುದ್ಧಿ ಕಡಿಮೆ ಎಂದು ಯಾರೂ ಹೇಳಿಕೊಳ್ಳುವುದಿಲ್ಲ. ಗುಣ ಕಡಿಮೆ ಎಂದಂತೂ ಜೀವ ಹೋದರೂ ಹೇಳುವುದಿಲ್ಲ. ಆದರೆ ‘ನನಗೆ ಮರೆವು ಬಹಳ’ ಎಂಬ ಮಾತನ್ನು ಮಾತ್ರ ಜನ ಹೊಸ ರುಮಾಲು ತೋರಿಸಿದಷ್ಟೇ ಹಿಗ್ಗಿನಿಂದ ಹೇಳುತ್ತಾರೆ. ನಾನೂ ಹಾಗೆ ಹೇಳುತ್ತ ಬಂದವನೇ. ಅದರಲ್ಲೂ ನನ್ನದು ಹುಟ್ಟಿನ ಮರೆವಲ್ಲ, ಕಲಿತ ಮರೆವು. ಪುಣೆಯಲ್ಲಿ ನಮಗೆ ತರ್ಕ ಕಲಿಸುತ್ತಿದ್ದ ಗುರುಗಳೊಬ್ಬರು, ‘ಈ ಬೆಳಿಗ್ಗೆ ನೀವು ಚಹಾ ಕುಡಿದಿರಿ ಎಂಬುದಕ್ಕೆ ಏನು ಪ್ರಮಾಣ?’ ಎಂದು ಕೇಳುತ್ತಿದ್ದರು. ‘ನೆನಪಿದೆ’ ಎಂದರೆ, ‘ಆ ನೆನಪಿಗೆ ಏನು ಪ್ರಮಾಣ?’ ಎನ್ನುತ್ತಿದ್ದರು. ನನ್ನ ಜೊತೆಯವರೆಲ್ಲ ಅದನ್ನು ಪರೀಕ್ಷೆಯಲ್ಲಿ ಬರೆದು ಕೈತೊಳೆದುಕೊಂಡರು. ನಾನು ಮಾತ್ರ ಪದವಿಯ ಜೊತೆಗೆ ಅದನ್ನೂ ಗಂಟುಕಟ್ಟಿಕೊಂಡು ಗೋಕಾಕಕ್ಕೆ ಬಂದು ಮಾಸ್ತರನಾದೆ. ಅಂದಿನಿಂದ ಮನೆಗೆ ಕೀಲಿ ಹಾಕಿದೆನೋ ಇಲ್ಲವೋ ಎಂದು ಪೇಟೆಯ ನಡುವಿನಿಂದ ತಿರುಗಿ ಬಂದದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಮೂಡಲಗಿಯ ತವರಿನಿಂದ ತರ್ಕ ಕಲಿಯದೆಯೇ ಬಂದ ನನ್ನ ಹೆಂಡತಿ ಶಾಂತವ್ವ ಇದನ್ನು ಕಂಡು ಒಮ್ಮೆ, ‘ನಿಮಗ ಸಂಶೇ ಬರೋದು ಮನಿ ಕೆಲಸದಾಗ ಅಷ್ಟ ನೋಡ್ರಿ. ಊಟ ಆತೋ ಇಲ್ಲೋ ಅಂತ ಎಂದರ ಸಂಶೇ ಬಂದೈತೇನು?’ ಎಂದಳು. ನಾನು ಕೀಲಿಯನ್ನು ಇನ್ನೊಮ್ಮೆ ಜಗ್ಗಿ ನೋಡಿದೆ.

ಈಗ ನಾನು ಹುಕ್ಕೇರಿಯಲ್ಲಿದ್ದೇನೆ. ಹುಕ್ಕೇರಿಯಲ್ಲಿ ನನ್ನದೇ ಒಂದು ಮನೆ ಇದೆ. ಆದರೂ ನಾನು ಅದೇ ಓಣಿಯ ಇನ್ನೊಂದು ಮನೆಯಲ್ಲಿ ಬಾಡಿಗೆಗೆ ಇದ್ದೇನೆ. ಇದನ್ನು ಕೇಳಿದವರು, ‘ಬಡ ನೇಕಾರನನ್ನು ಎಬ್ಬಿಸಬಾರದೆಂದು ಮಾಸ್ತರರು ತಾವೇ ಹೊರಗಿದ್ದಾರೆ, ಎಂಥ ದೊಡ್ಡ ಮನಸ್ಸು!’ ಎನ್ನುತ್ತಾರೆ. ಕೇಳಿದಾಗಲೆಲ್ಲ ನನಗೆ ನೆಲ ಬಿರಿಯಬಾರದೇ ಎನ್ನಿಸುತ್ತದೆ. ಆದದ್ದೇನೆಂದು ಒಮ್ಮೆ ಬರೆದುಬಿಡುವುದೇ ಲೇಸು.

ಗೋಕಾಕದಲ್ಲಿ ನಾನಿದ್ದದ್ದು ರುದ್ರಗೌಡರ ಮನೆಯಲ್ಲಿ. ಮಣ್ಣಿನ ಮಾಳಿಗೆಯ ಮನೆ. ನಮ್ಮ ಕಡೆಯ ಈ ಮಾಳಿಗೆಗಳ ಸ್ವಭಾವ ಗೊತ್ತಿರಬೇಕು: ಮಳೆಗಾಲಕ್ಕೆ ಮೊದಲು ಹಳ್ಳದ ದಂಡೆಯ ಕರಲುಮಣ್ಣು ತಂದು ಮೇಲೆ ಹರವಿ, ತುಳಿದು ಕೂಡಿಸಬೇಕು. ಒಂದು ವರ್ಷ ತಪ್ಪಿದರೂ ಮೃಗಶಿರ ಮಳೆ ಹೊರಗೆ ನಿಂತ ಮೇಲೂ ಒಳಗೆ ಸುರಿಯುತ್ತದೆ. ಆ ಮಣ್ಣನ್ನು ಹಾಕಿಸಬೇಕಾದವರು ಯಾರು, ಮನೆಯ ಮಾಲಕರೋ ಬಾಡಿಗೆಗಿದ್ದವರೋ ಎಂಬ ಪ್ರಶ್ನೆಯ ಮೇಲೆ ನಮ್ಮ ತಾಲೂಕಿನಲ್ಲಿ ಮುರಿದಷ್ಟು ಗೆಳೆತನಗಳು ಮತ್ತಾವುದರ ಮೇಲೂ ಮುರಿದಿರಲಾರವು. ನಮ್ಮ ಮನೆ ಸೋರತೊಡಗಿ, ಶಾಂತವ್ವ ಬೋಗುಣಿ, ತಪ್ಪೇಲಿ, ಕೊನೆಗೆ ನನ್ನ ಟೋಪಿಯನ್ನೂ ಹನಿಗಳ ಕೆಳಗಿಟ್ಟ ದಿನ ನಾನು ಗೌಡರಲ್ಲಿಗೆ ಹೋದೆ.

‘ಮನಿ ಹಿಡಿಯೋ ಮುಂದ ನಾ ಹೇಳಿದ್ನೆಲ್ಲ ಮಾಸ್ತರ, ಮ್ಯಾಳಗಿಗೆ ಮಣ್ಣ ನೀವ ಹಾಕಿಸ್ಕೋಬೇಕು ಅಂತ. ಹೂಂ ಅಂತ ಗೋಣ ಹಾಕಿದ್ರಿ’ ಎಂದರು ಗೌಡರು.

‘ನಾ ಗೋಣ ಹಾಕಿದ್ದಕ್ಕ ಏನು ಪುರಾವೆ ಐತ್ರಿ?’ ಎಂದೆ ನಾನು.

‘ಗೋಣ ಇನ್ನೂ ನಿಮ್ಮ ಹೆಗಲ ಮ್ಯಾಲ ಐತೆಲ್ರಿ. ಅದನ್ನ ಕೇಳ್ರಿ!’ ಎಂದು ಗೌಡರು ನಕ್ಕರು. ಅವರ ಕಟ್ಟೆಯ ಮೇಲಿದ್ದವರೂ ನಕ್ಕರು.

ಆ ನಗೆಯೇ ನನ್ನನ್ನು ಸಮಾಜಸುಧಾರಕನನ್ನಾಗಿ ಮಾಡಿತು. ಎರಡನೆಯ ಮಹಾಯುದ್ಧ ಮುಗಿದ ಹೊಸತು. ಮುಂಬಯಿ ಸರಕಾರ ಬಾಡಿಗೆ ಮನೆಗಳ ಕಾಯದೆಯನ್ನು ತಿದ್ದುತ್ತದೆಯೆಂದು ಪತ್ರಿಕೆಗಳಲ್ಲಿ ಬರುತ್ತಿತ್ತು. ನಮ್ಮ ಊರಿನ ವಾಚನಾಲಯದಲ್ಲಿ ಬಾಡಿಗೆದಾರರೆಲ್ಲ ಕೂಡಿ ಸರಕಾರಕ್ಕೊಂದು ಮನವಿ ಕಳಿಸಬೇಕೆಂದಾಯಿತು. ಬರೆಯುವ ಕೆಲಸ ಪುಣೆಯಲ್ಲಿ ಕಲಿತವನೆಂದು ನನ್ನ ಪಾಲಿಗೆ ಬಂತು. ನಾನು ಮೂರು ಕಲಮು ಬರೆದೆ. ಮಾಳಿಗೆಯ ಮಣ್ಣು ಮಾಲಕನದೇ ಹೊಣೆ, ಇದು ಒಂದು. ‘ನನ್ನ ವಾಸಕ್ಕೆ ಬೇಕು’ ಎಂದು ಮಾಲಕ ಬಾಯಿಮಾತಿನಲ್ಲಿ ಹೇಳಿದಾಕ್ಷಣ ಬಾಡಿಗೆದಾರನನ್ನು ಹೊರಗೆ ಹಾಕಕೂಡದು, ಇದು ಎರಡು. ಮೂರನೆಯದು ನನ್ನ ಮುದ್ದಿನ ಕಲಮು: ಮಾಲಕ-ಬಾಡಿಗೆದಾರರ ನಡುವಿನ ಯಾವ ಒಪ್ಪಿಗೆಯೂ ಬರಹದಲ್ಲಿಲ್ಲದಿದ್ದರೆ ಅದನ್ನು ಒಪ್ಪಿಗೆಯೆಂದು ತಿಳಿಯಕೂಡದು, ಏಕೆಂದರೆ ಮನುಷ್ಯನ ನೆನಪು ನಂಬಿಕೆಗೆ ಅರ್ಹವಲ್ಲ.

ವಾಚನಾಲಯದ ಕಾರ್ಯದರ್ಶಿ ಕಾಶಪ್ಪನವರಿಗೆ ಇದು ಅಷ್ಟು ರುಚಿಸಲಿಲ್ಲ. ‘ಮಾಸ್ತರ, ನಮ್ಮ ಕಡೆ ಬರಿಯಾಕ ಬರೋದು ಯಾರಿಗ್ರಿ? ಹೆಚ್ಚಿಗಿ ಮಾಲಕರಿಗೆ. ಭಾಡಿಗಿ ಇರೋ ಮಂದೀದು ಬರೇ ಮಾತು. ನಾಳೆ ಕಾಗದ ಯಾರ ಪರವಾಗಿ ಮಾತಾಡತೈತಿ?’ ಎಂದರು. ನಾನು ಅವರಿಗೆ ಚಹಾದ ಪ್ರಮಾಣ, ನೆನಪಿನ ಪ್ರಮಾಣ ಎಲ್ಲವನ್ನೂ ಅರ್ಧ ತಾಸು ವಿವರಿಸಿದೆ. ಜನ ಚಪ್ಪಾಳೆ ತಟ್ಟಿದರು. ತಿಳಿಯದೆ ತಟ್ಟಿದರು ಎಂದು ಈಗ ಅನ್ನಿಸುತ್ತದೆ; ಆಗ ತಿಳಿದೇ ತಟ್ಟಿದರೆಂದುಕೊಂಡಿದ್ದೆ.

ಮನವಿ ಮುಂಬಯಿಗೆ ಹೋದ ಕೆಲವು ದಿನಗಳಲ್ಲೇ ನನಗೆ ಹುಕ್ಕೇರಿಗೆ ಬದಲಿಯಾಯಿತು. ಅಲ್ಲಿ ನನ್ನದೊಂದು ಮನೆಯಿದೆಯೆಂದೆನಲ್ಲ, ನನ್ನ ದೊಡ್ಡವ್ವ ಬಿಟ್ಟುಹೋದದ್ದು, ಅದರಲ್ಲಿ ಈರಪ್ಪನೆಂಬ ನೇಕಾರ ಹೆಂಡತಿ ಬಸವ್ವನೊಡನೆ, ಮನೆ ನನ್ನ ಕೈಗೆ ಬಂದಾಗಿನಿಂದ, ಅಂದರೆ ನನ್ನ ಮದುವೆಗೂ ಮೊದಲಿನಿಂದ ಬಾಡಿಗೆಗೆ ಇದ್ದ. ಅವನದು ಕುಣಿಮಗ್ಗ. ನೆಲದಲ್ಲಿ ತೊಡೆಯಾಳದ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು, ನೆಲದ ಮೇಲೆಯೇ ಕೂತು ನೇಯುವ ಮಗ್ಗ. ಪಡಸಾಲೆಯಲ್ಲಿ ಕುಣಿ ತೋಡಲು ಒಪ್ಪುವ ಮಾಲಕ ಹತ್ತು ಊರು ತಿರುಗಿದರೂ ಸಿಗುವುದಿಲ್ಲ: ನೆಲ ಹಾಳಾಗುತ್ತದೆ, ಇಲಿ ಸೇರುತ್ತವೆ, ಮನೆಯ ಹೊಟ್ಟೆ ಬಗೆದಂತಾಗುತ್ತದೆ ಎನ್ನುತ್ತಾರೆ. ಆದ್ದರಿಂದ ಆ ಮನೆ ಬಿಟ್ಟರೆ ಈರಪ್ಪ ಬಿಡುವುದು ಬರಿಯ ಮನೆಯನ್ನಲ್ಲ, ಮಗ್ಗವನ್ನು. ಮಗ್ಗ ಬಿಟ್ಟರೆ ಉಳಿಯುವುದು ಗೋಕಾಕದ ನೂಲಿನ ಗಿರಣಿಯ ಬಾಗಿಲು. ಐವತ್ತು ದಾಟಿದವನನ್ನು ಅಲ್ಲಿ ಯಾರು ಒಳಗೆ ಕರೆಯುತ್ತಾರೆ?

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ, ಅವನನ್ನು ಬಿಡಿಸುವುದು ಹೇಗೆಂದು ವಕೀಲ ಗೆಳೆಯನೊಬ್ಬನನ್ನು ಕೇಳಿದೆ. ‘ಸ್ವಂತಕ್ಕೆ ಬೇಕು ಅನ್ನೂದೊಂದ ಸಾಲೂದಿಲ್ಲ. ನಿನ್ನ ಮನವೀನ ಸರಕಾರ ಕೇಳಿದ್ರ ನೀನ ಸಿಕ್ಕೊಂಡಿ’ ಎಂದು ಅವನು ನಕ್ಕು, ನೆಲ ಅಗೆದದ್ದನ್ನೇ ಕಾರಣವಾಗಿ ಹಿಡಿಯಲು ಹೇಳಿದ. ನಾನು ಈರಪ್ಪನಿಗೆ ಕಾಗದ ಬರೆದೆ: ‘ನನ್ನ ಲಿಖಿತ ಪರವಾನಗಿಯಿಲ್ಲದೆ ಪಡಸಾಲೆಯ ನೆಲವನ್ನು ಅಗೆದದ್ದರಿಂದ ಎರಡು ತಿಂಗಳಲ್ಲಿ ಮನೆ ತೆರವು ಮಾಡಬೇಕು.’ ಅದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಲಿಖಿತ ಪರವಾನಗಿ ನಾನು ಕೊಟ್ಟಿರಲಿಲ್ಲ. ಸುಳ್ಳಿಲ್ಲದ ಕಾಗದ ಬರೆದು ಅಂಚೆಗೆ ಹಾಕಿದಾಗ ಇಷ್ಟೊಂದು ಬೆವರು ಏಕೆ ಬಂತೆಂದು ಮಾತ್ರ ತಿಳಿಯಲಿಲ್ಲ.

ಎಂಟು ದಿನಕ್ಕೆ ಈರಪ್ಪ ಗೋಕಾಕಕ್ಕೆ ಬಂದ. ನಾನು ಶಾಲೆಗೆ ಹೊರಟು ಬೂಟು ಮೆಟ್ಟಿ ಹೊರಗಿನ ಕಟ್ಟೆಯ ಮೇಲಿದ್ದೆ. ಕಾಶಪ್ಪನವರು ಅದೇ ಆಗ ಬಂದು ಕೂತು, ಮನವಿಯನ್ನು ಸರಕಾರ ಓದಿದೆಯಂತೆ ಎಂಬ ಸುದ್ದಿ ಹೇಳುತ್ತಿದ್ದರು. ಈರಪ್ಪ ಶಾಂತವ್ವ ಕೊಟ್ಟ ಬೆಲ್ಲ ನೀರು ತೆಗೆದುಕೊಂಡು, ಬಾಯಿ ಒರೆಸಿಕೊಂಡು, ‘ಕಾಗದ ಮುಟ್ಟಿತ್ರಿ ಮಾಸ್ತರ. ಬಿಡಂದ್ರ ಬಿಡತೇವ್ರಿ, ಮನಿ ನಿಮ್ಮದು. ಆದ್ರ ಕುಣಿ ಎಲ್ಲಿಗೆ ಹೊತ್ಕೊಂಡು ಹೋಗ್ಲಿರಿ?’ ಎಂದ.

‘ಕುಣಿ ತೋಡಾಕ ನಾ ಹೇಳಿದ್ನೇನು ಈರಪ್ಪ?’ ಎಂದೆ.

ಅವನು ನನ್ನ ಮುಖ ನೋಡಿದ. ‘ಮೊದಲನೇ ಗುದ್ದಲಿ ನೀವ ಹಾಕಿದ್ರೆಲ್ರಿ.’

ನಮ್ಮ ಕಡೆ ಅದೊಂದು ರೂಢಿ. ಬಾಡಿಗೆ ಮನೆಯ ನೆಲವನ್ನು ಅಗೆಯಬೇಕಾದರೆ ಮೊದಲ ಗುದ್ದಲಿಯನ್ನು ಮನೆಯೊಡೆಯನೇ ಹಾಕಬೇಕು. ನೆಲ ಅವನದು, ಅವನು ಒಮ್ಮೆ ತೆರೆದುಕೊಟ್ಟರೆ ಮುಂದಿನದನ್ನು ಬಾಡಿಗೆಯವನು ತೋಡಿಕೊಳ್ಳಬಹುದು. ಅದಕ್ಕೆ ಸಾಕ್ಷಿ, ಸಹಿ, ಮುದ್ರೆ ಯಾವುದೂ ಇಲ್ಲ. ಗುದ್ದಲಿಯ ಏಟೇ ಕರಾರುಪತ್ರ.

ಕಾಶಪ್ಪನವರು ನನ್ನ ಕಡೆ ನೋಡುತ್ತಿದ್ದರು. ಬಾಗಿಲ ಹತ್ತಿರ ಶಾಂತವ್ವ ನಿಂತಿದ್ದಳು. ‘ನನಗ ನೆನಪಿಲ್ಲ. ಬರದದ್ದು ಏನರ ಐತೇನು?’ ಎಂದೆ.

ಈರಪ್ಪ ಏನೋ ಹೇಳಲು ಬಾಯಿ ತೆರೆದ. ಅವನ ಕಣ್ಣು ಕ್ಷಣ ಹೊತ್ತು ನನ್ನ ಕಾಲಿನ ಮೇಲೆ ಇಳಿಯಿತು. ಮತ್ತೆ ಅಲ್ಲಿಂದ ಎದ್ದು ಗೋಡೆಯ ಕಡೆ ಹೋಯಿತು. ‘ಇಲ್ರಿ. ಮಾಸ್ತರರಿಗೆ ನೆನಪಿಲ್ಲಂದ್ರ ನಾ ಏನ ಹೇಳ್ಲಿ. ಮಗ್ಗಕ್ಕ ಹಾಸುನೂಲು ಹಾಕೇನ್ರಿ, ಅದರಾಗ ನಾಕು ಸೀರಿ ಅದಾವು. ಅವಿಷ್ಟು ಇಳಿಸಿ ಬಿಡತೇನ್ರಿ’ ಎಂದು ಎದ್ದ. ಕಾಶಪ್ಪನವರೂ ಕೋಲು ಹುಡುಕಿಕೊಂಡು ಎದ್ದರು. ಶಾಂತವ್ವ, ಅವರಿಬ್ಬರೂ ಹೋದ ಮೇಲೆ, ‘ನೀವು ಸಾಲಿಗೆ ಹೋದ ಮ್ಯಾಲ ಹುಕ್ಕೇರಿ ಮನ್ಯಾಗ ನಾ ಒಬ್ಬಾಕೇ ಇರೂದಿಲ್ರಿ. ಆ ಕುಣಿ ಮುಚ್ಚಿದ ಮ್ಯಾಲೂ ಅಲ್ಲಿ ಅವರ ಕಾಲ ಇರತಾವು’ ಎಂದು ಒಳಗೆ ಹೋದಳು.

ಕೆಲಸಕ್ಕೆ ಹಾಜರಾಗಲು ಹುಕ್ಕೇರಿಗೆ ಹೋದೆ. ಮನೆಯನ್ನೂ ನೋಡಿ ಬರೋಣವೆಂದುಕೊಂಡೆ. ಮಾಲಕನಿಗೆ ಮನೆ ನೋಡುವ ಹಕ್ಕಿದೆಯೆಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಈರಪ್ಪ ನೂಲು ತರಲು ಹೋಗಿದ್ದ. ಮಗ್ಗದ ಮೇಲೆ ಮೂರನೆಯ ಸೀರೆ ಅರ್ಧ ಇಳಿದಿತ್ತು. ಬಸವ್ವ ಚಾಪೆ ಹಾಕಿ, ನಾನು ಬೂಟು ಕಳಚಿ ಕೂತಮೇಲೆ, ನನ್ನ ಕಾಲು ನೋಡಿ ಒಮ್ಮೆಲೇ ನಕ್ಕುಬಿಟ್ಟಳು.

‘ಉಗುರು ಹೊಳ್ಳಿ ಬರಲೇ ಇಲ್ಲೇನ್ರಿ ಮಾಸ್ತರ?’

‘ಯಾವ ಉಗುರು?’

‘ಹೆಬ್ಬೆರಳಿಂದ್ರಿ! ಗುದ್ದಲಿ ಎತ್ತಿ ನೆಲಕ್ಕ ಹಾಕೂದು ಬಿಟ್ಟು ಕಾಲ ಮ್ಯಾಲ ಹಾಕ್ಕೊಂಡ್ರೆಲ್ಲ. ನಾನ ಅರಿಷಿಣ ಹಚ್ಚಿ ಅರಿವಿ ಕಟ್ಟಿದ್ನಿ. “ಓದಿದವ್ರಿಗೆ ನೆಲ ಎಲ್ಲೈತಿ, ಕಾಲ ಎಲ್ಲೈತಿ ತಿಳಿಯಂಗಿಲ್ಲ” ಅಂತ ಇಡೀ ಓಣಿ ನಕ್ಕಿತ್ತು. ನೀವೂ ನಕ್ರಿ. ಅಳಕೋತನ ನಕ್ರಿ.’

ನನ್ನ ಎಡಗಾಲಿನ ಹೆಬ್ಬೆರಳಿಗೆ ಉಗುರಿಲ್ಲ. ಪುಣೆಯಲ್ಲಿ ಕ್ರಿಕೆಟ್ ಆಡುವಾಗ ಚೆಂಡು ಬಿದ್ದು ಹೋಯಿತೆಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಹೆಂಡತಿಗೂ ಹಾಗೆಯೇ ಹೇಳಿದ್ದೇನೆ. ಎಷ್ಟು ಸಲ ಹೇಳಿದ್ದೇನೆಂದರೆ ಚೆಂಡಿನ ಬಣ್ಣ, ಮೈದಾನದ ಹುಲ್ಲು, ಓಡಿಬಂದ ಗೆಳೆಯರು ಎಲ್ಲ ಕಣ್ಣಿಗೆ ಕಟ್ಟುತ್ತವೆ. ನಾನು ಪುಣೆಯಲ್ಲಿ ಕ್ರಿಕೆಟ್ ಆಡಿದವನೇ ಅಲ್ಲ. ಬೇಲಿಯ ಹೊರಗೆ ನಿಂತು ನೋಡಿದವನು.

ಇಲ್ಲಿಯವರೆಗೆ ಓದಿದವರು ಪಾಪ, ಮರೆವಿನ ಮನುಷ್ಯ ಎಂದು ಕನಿಕರಪಡಬಹುದು. ಬೇಡ. ಅಂದು ಗೋಕಾಕದಲ್ಲಿ ಈರಪ್ಪ ‘ಮೊದಲನೇ ಗುದ್ದಲಿ’ ಎಂದಾಗ ಬೂಟಿನೊಳಗೆ ಆ ಬೆರಳು ಮಡಚಿಕೊಂಡಿತ್ತು. ತಲೆಗೆ ನೆನಪಾಗುವ ಮೊದಲು ಅದಕ್ಕೆ ನೆನಪಾಗಿತ್ತು, ತಲೆಗೂ ಆಯಿತು. ಆದ ಮೇಲೆಯೇ ನಾನು ‘ನೆನಪಿಲ್ಲ’ ಎಂದದ್ದು. ಅವನು ನನ್ನ ಕಾಲು ನೋಡಿದ್ದನ್ನೂ ನಾನು ನೋಡಿದ್ದೆ. ಕಾಶಪ್ಪನವರ ಮುಂದೆ, ಹೆಂಡತಿಯ ಮುಂದೆ ಮಾಸ್ತರನ ಬೂಟು ಕಳಚಿಸಬಾರದೆಂದು ಅವನು ತನ್ನ ಮಗ್ಗವನ್ನೇ ಬಿಡಲು ಒಪ್ಪಿಕೊಂಡು ಎದ್ದುಹೋಗಿದ್ದ. ಪುಣೆಯ ಗುರುಗಳು ನೆನಪನ್ನು ಸಂಶಯಿಸಲು ಕಲಿಸಿದ್ದರು. ಬೇಕಾದಾಗ ಸಂಶಯಿಸಿ ಬೇಡವಾದಾಗ ನಂಬುವುದನ್ನು ನಾನು ಸ್ವಂತ ದುಡಿಮೆಯಿಂದ ಕಲಿತುಕೊಂಡೆ.

ಈರಪ್ಪ ನೂಲಿನ ಗಂಟು ಹೊತ್ತು ಬಂದ. ನಾನು ಎದ್ದು ನಿಂತು, ‘ಮನಿ ಬಿಡಬ್ಯಾಡ ಈರಪ್ಪ. ನಾ ಬ್ಯಾರೆ ಮನಿ ಹಿಡಿತೇನಿ’ ಎಂದೆ. ಕ್ಷಮೆ ಕೇಳಬೇಕೆಂದಿದ್ದೆ, ಕೇಳಲಿಲ್ಲ. ಅವನು ಗಂಟು ಇಳಿಸುವುದನ್ನೂ ಮರೆತು ಕೈಮುಗಿಯಲು ಹೋದ. ಬಸವ್ವ ಅವನ ಕೈ ಹಿಡಿದಳು.

‘ತಡೀರಿ. ಮಾಸ್ತರ, ಇದನ್ನ ಬರದ ಕೊಡ್ರಿ.’

‘ಏ, ಸುಮ್ಮಿರ’ ಎಂದ ಈರಪ್ಪ.

‘ಯಾಕ ಸುಮ್ಮಿರ್ಲಿ? ಅವರ ಮಾತಿನ ಮ್ಯಾಲ ನನಗ ನಂಬಿಕಿ ಐತಿ. ನೆನಪಿನ ಮ್ಯಾಲ ಇಲ್ಲ. ಬರೀರಿ ಮಾಸ್ತರ, ಮೊದಲನೇ ಗುದ್ದಲಿ ನಾನ ಹಾಕೇನಿ ಅಂತ ಅದನ್ನೂ ಬರೀರಿ.’

ನಾನು ಬರೆದೆ. ಮಗ್ಗದ ಪಕ್ಕದಲ್ಲಿ ನೆಲದ ಮೇಲೆ ಕೂತು, ಮೊಣಕಾಲ ಮೇಲೆ ಕಾಗದವಿಟ್ಟು, ನನ್ನ ಜೀವನದಲ್ಲೇ ಅಷ್ಟು ಶುದ್ಧ ಮನಸ್ಸಿನಿಂದ ಏನನ್ನೂ ಬರೆದಿರಲಿಲ್ಲ ಎಂದುಕೊಳ್ಳುತ್ತ ಬರೆದೆ. ಕಣ್ಣಿನಲ್ಲಿ ನೀರೂ ಬಂದಿತ್ತು. ಸಹಿ ಹಾಕಿ ಕೊಟ್ಟೆ. ಈರಪ್ಪನಿಗೆ ಬರೆಯಲು ಬಾರದಿದ್ದರೂ, ನಿಡಸೋಸಿಯ ಮಠದಲ್ಲಿ ಪುರಾಣ ಓದುವವರ ಪಕ್ಕದಲ್ಲಿ ಕೂತು ಅಕ್ಷರ ಕೂಡಿಸಲು ಕಲಿತವನು. ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದುತ್ತ ಹೋದ. ಕುಣಿ ಬಂತು, ಗುದ್ದಲಿ ಬಂತು, ನನ್ನ ಹೆಸರು ಬಂತು. ‘ಈರಪ್ಪನು ಈ ಮನೆಯಲ್ಲಿ’ ಎಂಬಲ್ಲಿಗೆ ಬಂದು ಬೆರಳು ನಿಂತಿತು. ಅವನು ಮುಂದಿನ ಶಬ್ದವನ್ನು ಎರಡು ಸಲ ಕೂಡಿಸಿ ಓದಿ, ಮೆಲ್ಲಗೆ ಕಾಗದವನ್ನು ನನ್ನ ಕಡೆ ತಿರುಗಿಸಿ, ‘ಇದೇನ್ರಿ ಮಾಸ್ತರ?’ ಎಂದ.

‘ಸದ್ಯಕ್ಕೆ’ ಎಂದಿತ್ತು.

ಆ ಶಬ್ದ ಬರೆದದ್ದು ನನಗೆ ನಿಜವಾಗಿಯೂ ನೆನಪಿಲ್ಲ. ಅಕ್ಷರ ಮಾತ್ರ ನನ್ನವೇ.