ಸಣ್ಣ ಉರಿಗೆ ಕರಗದ ಮಹಾಶಯರಿಗೆ

ಮಾನ್ಯ ಗ್ಲಿಸರಿಲ್ ಸ್ಟಿಯರೇಟ್ ಮಹಾಶಯರೇ,

ತಾಳೆ ಎಣ್ಣೆಯ ಮನೆತನದಲ್ಲಿ ಹುಟ್ಟಿ, ಕಾರ್ಖಾನೆಯಲ್ಲಿ ಸಂಸ್ಕಾರ ಪಡೆದು, ಮೇಣದಂಥ ಬಿಳಿ ಚೂರುಗಳಾಗಿ ನಮ್ಮ ಅಡುಗೆಮನೆಯ ಡಬ್ಬಿಯಲ್ಲಿ ಬಿಡಾರ ಹೂಡಿರುವ ತಮಗೆ, ರಿಯಾವು ಕಡಲದಂಡೆಯ ಒಣಮೀನಿನ ಓಣಿಯಿಂದ ಮಸ್ನಿಯಾರ್ ಮಾಡುವ ಸಲಾಮುಗಳು. ಎಣ್ಣೆ ನೀರುಗಳಂಥ ಹುಟ್ಟಾ ವೈರಿಗಳನ್ನು ಒಂದೇ ಮುಲಾಮಿನಲ್ಲಿ ಸಂಸಾರಕ್ಕೆ ಹಚ್ಚುವ ತಮ್ಮ ದೊಡ್ಡಸ್ತಿಕೆಯನ್ನು ಕೊಂಡಾಡುತ್ತಲೇ, ಒಂದು ಸಣ್ಣ ದೂರು.

ನನ್ನ ಅತ್ತೆ ಮಕ್ ಜಾವಿಯಾ ಅವರ ಹಿಮ್ಮಡಿಗಳು ಉಪ್ಪುನೀರಿಗೆ ಬಿರಿದು, ಮೀನು ಒಣಹಾಕುವ ಅಟ್ಟಣೆಯವರೆಗೂ ನಡೆಯಲಾಗದೆ, ಮೂವತ್ತು ವರ್ಷದ ಕಸುಬು ಬಿಟ್ಟು ಕೂರುವ ಹಾಗಾಗಿತ್ತು. ಅಂಗಡಿಯ ಮುಲಾಮು ತಂದರೆ, "ಯಾರ್ಯಾರೋ ಕಲಸಿದ್ದನ್ನ ನಾನ್ಯಾಕೆ ಮೆತ್ಕೊಳ್ಳಲಿ?" ಎಂದು ಮುಖ ತಿರುಗಿಸಿದರು. ಹಾಗಾಗಿ ಮನೆಯಲ್ಲೇ ಮುಲಾಮು ಮಾಡುವ ಬಗೆಯನ್ನು ಆಸ್ಪತ್ರೆಯ ದಾದಿಯಿಂದ ಬರೆಸಿಕೊಂಡು, ಆ ಚೀಟಿ ಹಿಡಿದು ತಮ್ಮನ್ನು ಮನೆಗೆ ಕರೆತಂದೆ.

ಒಲೆಯ ಮುಂದೆ ಕೂತವರು ಅತ್ತೆಯೇ. ತೆಂಗಿನ ಹಾಲಿನ ಸಾರನ್ನು ಒಡೆಯದಂತೆ ಕಾಯಿಸುವುದರಲ್ಲಿ ಓಣಿಗೇ ಹೆಸರಾದ ಅವರು ಮಹಾಶಯರಾದ ತಮ್ಮನ್ನೂ ತೆಂಗಿನ ಹಾಲೆಂದೇ ಬಗೆದು, "ಉರಿ ಸಣ್ಣಗಿರ್ಲಿ ಮಸ್ನಿ, ಜೋರು ಮಾಡಿದ್ಯೋ ಒಡೆದೇ ಹೋಗತ್ತೆ!" ಎಂದು ಗದರಿಸಿದರು. ಚೆನ್ನಾಗಿ ಬಿಸಿ ಮಾಡಬೇಕೆಂದು ಚೀಟಿಯಲ್ಲಿದೆ ಎಂದರೆ, "ಆ ದಾದಿ ಯಾವತ್ತಾದ್ರೂ ಸಾರು ಮಾಡಿದ್ದಾಳಾ?" ಎಂದರು. ಮೂರು ಸಲ ಕಾಯಿಸಿದರೂ ತಾವು ಅರೆಬರೆ ಕರಗಿ ಮರಳಿನಂತೆ ತಳ ಹಿಡಿದಿರಿ. ಎಣ್ಣೆ ಒಂದು ಕಡೆ, ನೀರು ಒಂದು ಕಡೆ, ಬೈಗುಳವೆಲ್ಲ ನನ್ನ ಕಡೆ.

ನಾಲ್ಕನೆಯ ಸಲ ಅತ್ತೆ ಬೆಕ್ಕನ್ನು ಬೈಯಲು ಕಿಟಕಿಯತ್ತ ತಿರುಗಿದಾಗ ನಾನು ಉರಿ ಏರಿಸಿಬಿಟ್ಟೆ. ತಾವು ತಿಳಿಯಾಗಿ ಕರಗಿದಿರಿ. ಬಿಸಿನೀರು ಸುರಿದು ತಿರುವುತ್ತ ಆರಿಸಿದರೆ ಗಟ್ಟಿ ಬಿಳಿ ಕೆನೆ! "ನೋಡಿದ್ಯಾ, ಸಣ್ಣ ಉರೀನೇ ಸರಿ!" ಎಂದು ಅತ್ತೆ ಬೀಗಿದರು. ಎರಡು ವಾರದಲ್ಲಿ ಬಿರುಕು ಕೂಡಿ, ಅಟ್ಟಣೆಗೆ ಒಬ್ಬರೇ ನಡೆದುಹೋದರು. ಅದನ್ನು ನೋಡಿ ನನಗೆ ಅಳುವೇ ಬಂತು.

ಈಗ ಅವರು ಓಣಿಯ ಹೆಂಗಸರಿಗೆಲ್ಲ ಸಣ್ಣ ಉರಿಯ ಪಾಠ ಹೇಳಹೊರಟಿದ್ದಾರೆ. ಆದ್ದರಿಂದ ತಾವು ದಯಮಾಡಿ ಸಣ್ಣ ಉರಿಗೂ ಕರಗುವ ಅಭ್ಯಾಸ ಮಾಡಿಕೊಳ್ಳಬೇಕು. ಅದು ತಮ್ಮ ಘನತೆಗೆ ಕುಂದೆನಿಸಿದರೆ, ಅತ್ತೆ ನೋಡುತ್ತಿರುವಷ್ಟು ಹೊತ್ತಾದರೂ ಕರಗಿದಂತೆ ನಟಿಸಬೇಕೆಂದು ಕೋರುವ

ತಮ್ಮ ವಿಶ್ವಾಸಿ,
ಮಸ್ನಿಯಾರ್

ಮರೆತ ಮಾತು: ಉರಿ ಏರಿಸಿದ ದಿನ ಬಾಣಲೆ ತಗುಲಿ ಸುಟ್ಟ ನನ್ನ ಬೆರಳಿನ ಕಲೆಯನ್ನು ಈವರೆಗೆ ಬಚ್ಚಿಟ್ಟಿದ್ದೆ. ನಿನ್ನೆ ಅತ್ತೆ ನನ್ನ ಕೈ ಎಳೆದುಕೊಂಡು, ಸ್ವತಃ ಮುಲಾಮು ಸವರುತ್ತ ಕೇಳಿದರು: "ಸಣ್ಣ ಉರೀಲಿ ಇಷ್ಟು ಸುಟ್ಕೊಂಡಿದ್ದು ಹೇಗೇ, ಮಸ್ನಿ?"