ಉಸಿರಿದ್ದರೆ ಹೇಳುತ್ತಿದ್ದೆ

ಈ ಸಲ ಮೂಡಿಗೆರೆಯ ಹತ್ತು ಕಿಲೋಮೀಟರ್ ಓಟದಲ್ಲಿ ಓಡಿಯೇ ತೀರುತ್ತೇನೆ, ಓಡುವುದೇನು, ಬಾಮೈದ ಷಡಕ್ಷರಿಯನ್ನು ಹಿಂದೆ ಹಾಕಿಯೇ ತೀರುತ್ತೇನೆ ಎಂದು ಊಟದ ಮೇಜು ಗುದ್ದಿ ಘೋಷಿಸಿದೆ! ಗುದ್ದಿದ ರಭಸಕ್ಕೆ ಉಪ್ಪಿನಕಾಯಿ ಬಾಟಲಿ ಉರುಳಿತು. ಹೆಂಡತಿ ಶಾಲಿನಿ ಅದನ್ನು ಎತ್ತಿ ನಿಲ್ಲಿಸಿದಳು.

"ತೋಟದ ಗೇಟಿನ ತನಕ ಹೋಗಕ್ಕೂ ಜೀಪ್ ಬೇಕು ನಿಮಗೆ," ಎಂದಳು.

"ಅದು ಹಳೇ ನಾನು! ಈಗ ದಿನಾ ಕಾಫಿ ಕಣದ ಸುತ್ತ ಓಡ್ತಿಲ್ವಾ?"

"ಓಡ್ತೀರಿ. ಎರಡು ಸುತ್ತಿಗೇ ಕಾಫಿ ಕೇಳ್ತೀರಿ."

ಷಡಕ್ಷರಿ ಹಳೇ ಓಟಗಾರ. ಫೋನಿನಲ್ಲೇ ನನಗೆ ಗುರುವಾಗಿದ್ದ. "ಭಾವ, ಹೊಸಬ್ರು ಮೊದ್ಲು ದೂರ ಹೆಚ್ಚಿಸ್ಕೋಬೇಕು, ವೇಗ ಆಮೇಲೆ. ಪಕ್ಕದಲ್ಲಿರೋರ ಹತ್ರ ಮಾತಾಡ್ತಾ ಓಡಕ್ಕೆ ಆಗ್ಬೇಕು. ಮಾತು ನಿಂತ್ರೆ ವೇಗ ಜಾಸ್ತಿ ಆಯ್ತು ಅಂತ ಲೆಕ್ಕ."

"ಮಾತಾಡೋದಾದ್ರೆ ಓಡೋದ್ಯಾಕೆ ಮಾರಾಯ? ಹೋಟೆಲಲ್ಲಿ ಕೂತೇ ಮಾತಾಡ್ಬಹುದಲ್ಲ!" ಎಂದು ಫೋನ್ ಇಟ್ಟೆ.

ಶಾಲಿನಿ ಷರತ್ತು ಹಾಕಿದಳು. "ಮನೆಯಿಂದ ಬಣಕಲ್ ಬಸ್ ಸ್ಟ್ಯಾಂಡ್ ತನಕ ನಿಲ್ಲದೆ ಓಡಿ. ಓಡಿದ್ರೆ ಹತ್ತು ಕಿಲೋಮೀಟರಿಗೆ ನಿಮ್ಮ ಹೆಸರು. ಇಲ್ಲಾಂದ್ರೆ ಅದೇ ದಿನದ ಕುಟುಂಬ ನಡಿಗೆ. ನಮ್ಮಮ್ಮನ ಜೊತೆ."

ಅತ್ತೆಗೆ ಎಪ್ಪತ್ತು ದಾಟಿದೆ. ಇಡೀ ತಾಲ್ಲೂಕು ನೋಡುವಾಗ ಅವರ ಪಕ್ಕ ಚೀಲ ಹಿಡಿದುಕೊಂಡು ನಡೆಯುವುದೇ? ನನ್ನ ಮಾನ ಆ ರಸ್ತೆಯ ಮೇಲೆ ನಿಂತಿತು.

ಮರುದಿನ ಬೆಳಿಗ್ಗೆ ಹೊಸ ಶೂ ಬಿಗಿದು ಹೊರಟೆ. ಮಾತು ಗೀತು ಏನಿಲ್ಲ, ಬರೀ ವೇಗ! ಮೊದಲ ತಿರುವಿನಲ್ಲಿ ನಾನು ಗಂಡುಗಲಿ. ಎರಡನೆಯದರಲ್ಲಿ ಬರೀ ಗಂಡು. ಮೂರನೆಯದಕ್ಕೆ ಬರುವಷ್ಟರಲ್ಲಿ ನನ್ನ ಉಸಿರು ನನ್ನನ್ನು ಬಿಟ್ಟು ಚಾರ್ಮಾಡಿ ಘಾಟಿ ಇಳಿದು ಹೋಗಿತ್ತು.

ಇಲ್ಲೊಂದು ವಿಷಯ ಹೇಳಬೇಕು. ನಮ್ಮ ಕಡೆ ವಯಸ್ಸಾದ ಗಂಡಸು ರಸ್ತೆಯಲ್ಲಿ ಓಡುತ್ತಿದ್ದಾನೆ ಎಂದರೆ ಅದಕ್ಕೆ ಒಂದೇ ಕಾರಣ. ಹಿಂದೆ ಆನೆ ಇದೆ!

ತಿರುವಿನಲ್ಲಿ ಕಾಫಿ ಕುಯ್ಯಲು ಹೊರಟಿದ್ದ ಹೆಂಗಸರು ಸಿಕ್ಕರು. ಎಲ್ಲರಿಗಿಂತ ಮುಂದಿದ್ದ ನಂಜಮ್ಮ ಸೊಂಟದ ಚೀಲ ಹಿಡಿದು ನಿಂತಳು. "ಸಾವ್ಕಾರ್ರೇ! ಆನೆ ಬಂತಾ?"

ಇಲ್ಲ ಎನ್ನಲು ಬಾಯಿ ತೆರೆದೆ. ಗಾಳಿ ಮಾತ್ರ ಬಂತು. ಏನೂ ಇಲ್ಲ, ಹೋಗಿ ಎಂದು ಕೈ ಬೀಸಿದೆ. ಆ ಕೈ ನೆಟ್ಟಗೆ ನನ್ನ ಬೆನ್ನ ಹಿಂದಕ್ಕೆ ಹೋಯಿತು.

"ಹಿಂದೇನೇ ಇದೆಯಂತೆ ಕಣ್ರೇ! ಓಡ್ರೇ!"

ಓಡಿದರು ನೋಡಿ! ಚೀಲ, ಬುತ್ತಿ, ಸೀರೆ ಸಮೇತ ಎಲ್ಲರೂ ನನ್ನನ್ನು ದಾಟಿದರು. ನಂಜಮ್ಮ ದಾಟುವಾಗ ತಿರುಗಿ, "ಬ್ಯಾಗ ಬನ್ನಿ ಸಾವ್ಕಾರ್ರೇ, ಹಿಂದೆ ಬೀಳ್ಬ್ಯಾಡಿ!" ಎಂದು ಧೈರ್ಯವನ್ನೂ ಹೇಳಿದಳು. ಹಾಲಿನವನು ಬೈಕ್ ತಿರುಗಿಸಿದ. ಯಾರೋ ಆನೆ ಎಚ್ಚರಿಕೆಯ ವಾಟ್ಸಾಪ್ ಗುಂಪಿಗೆ ಸುದ್ದಿ ಹಾಕಿದರು.

ಮುಂದೆ ಇಷ್ಟು ಜನ ಹೀಗೆ ಓಡುವುದನ್ನು ನೋಡಿ ನನಗೇ ಅನುಮಾನ ಬಂತು. ಇವರು ನಿಜವಾಗಿ ಆನೆಯನ್ನು ಕಂಡಿರಬಹುದೇ? ಅಷ್ಟರಲ್ಲಿ ಹಿಂದೆ ದಬದಬ ಸದ್ದು! ಹತ್ತಿರ ಬಂತು. ಇನ್ನೂ ಹತ್ತಿರ! ಮನೆದೇವರಿಗೆ ಹರಕೆ ಹೊತ್ತೆ. ಕಣ್ಣು ಮುಚ್ಚಿ ಓಡಿದೆ. ಹಿಂದಿನಿಂದ ಏನೋ ನನ್ನ ಅಂಗಿ ಹಿಡಿಯಿತು.

ಶಾಲಿನಿ! ನೈಟಿಯ ಮೇಲೆ ನನ್ನ ಜರ್ಕಿನ್, ಕಾಲಲ್ಲಿ ಹವಾಯಿ ಚಪ್ಪಲಿ. "ಆನೆ ಎಲ್ಲಿ? ಏನಾದ್ರೂ ಆಯ್ತಾ ನಿಮಗೆ? ಗುಂಪಲ್ಲಿ ಮೆಸೇಜ್ ನೋಡಿ ನನ್ನ ಜೀವಾನೇ ಹೋಯ್ತು! ಬಾಯಿ ಬಿಡ್ರೀ!"

ನಾನು ಬಾಯಿ ಬಿಟ್ಟೇ ಇದ್ದೆ. ಮಾತು ಬರಲಿಲ್ಲ. ಅವಳು ನನ್ನ ಕೈ ಹಿಡಿದು ಬಣಕಲ್ ಕಡೆ ಎಳೆದುಕೊಂಡು ಓಡಿದಳು. ದಾರಿಯುದ್ದಕ್ಕೂ ಬೈಗುಳ! ಜಿಪುಣತನಕ್ಕೆ, ಗೊರಕೆಗೆ, ಮರೆತುಹೋದ ಮದುವೆ ದಿನಕ್ಕೆ, ಒಂದನ್ನೂ ಬಿಡಲಿಲ್ಲ. ನಡುನಡುವೆ ಹಿಂದೆ ತಿರುಗಿ ಆನೆಯನ್ನೂ ಬೈದಳು.

ಬಸ್ ಸ್ಟ್ಯಾಂಡಿನಲ್ಲಿ ಊರೇ ಸೇರಿತ್ತು. ಕೊಟ್ಟಿಗೆಹಾರದ ಬಸ್ಸು ಹೊರಡದೆ ನಿಂತಿತ್ತು. ಆನೆ ಓಡಿಸುವವರ ಜೀಪೂ ಬಂದಿತ್ತು. ಯಾರೋ ನೀರು ಕೊಟ್ಟರು. ಕುಡಿದ ಮೇಲೆ ಮಾತು ವಾಪಸ್ ಬಂತು.

"ಆನೆ... ಇಲ್ಲ."

"ಮತ್ತೆ ಯಾಕೆ ಓಡಿದ್ರಿ ಸಾವ್ಕಾರ್ರೇ?" ಎಂದಳು ನಂಜಮ್ಮ.

"ಆರೋಗ್ಯಕ್ಕೆ."

ಬಸ್ಸಿನ ಡ್ರೈವರ್ ಗಾಡಿ ಸ್ಟಾರ್ಟ್ ಮಾಡಿದ. ಶಾಲಿನಿಯ ಕಣ್ಣಲ್ಲಿ ನೀರಿತ್ತು. ಆನೆ ಇದೆ ಎಂದು ಗೊತ್ತಿದ್ದೂ ಆನೆಯಿರುವ ಕಡೆಗೇ ಓಡಿ ಬಂದಿದ್ದಳು ಪುಣ್ಯಾತ್ಗಿತ್ತಿ. ನನಗೆ ನಾಚಿಕೆಯಾಯಿತು. ಒಳಗೊಳಗೇ ಖುಷಿಯೂ ಆಯಿತು. ಆದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ!

"ಅಂತೂ ನಿಲ್ಲದೆ ಓಡಿದೆ ನೋಡು. ಷರತ್ತು ಗೆದ್ದೆ!"

"ನೀವೆಲ್ಲಿ ಓಡಿದ್ರಿ? ನಾನು ಎಳ್ಕೊಂಡ್ ಬಂದೆ!"

ತೀರ್ಪಿಗೆ ಷಡಕ್ಷರಿಗೇ ಫೋನ್ ಹೋಯಿತು. ಎಲ್ಲ ಕೇಳಿಸಿಕೊಂಡು ಅವನು ಒಂದೇ ಪ್ರಶ್ನೆ ಕೇಳಿದ. "ಅಕ್ಕ ಅಷ್ಟು ದೂರವೂ ಬೈತಾನೇ ಓಡಿದ್ಲಾ ಭಾವ? ನಡುವೆ ಎಲ್ಲೂ ಮಾತು ನಿಲ್ಲಿಸ್ಲಿಲ್ವಾ?"

"ಎಲ್ಲೂ ಇಲ್ಲ."

"ಹಾಗಾದ್ರೆ ಹತ್ತು ಕಿಲೋಮೀಟರಿಗೆ ಅಕ್ಕನ ಹೆಸರು ಕೊಡ್ತೀನಿ."

ಓಟದ ದಿನ ಶಾಲಿನಿ ಹೊಸ ಶೂ ಹಾಕಿಕೊಂಡು, ತಮ್ಮನ ಜೊತೆ ಹರಟುತ್ತಾ ಮುಂದೆ ಓಡಿಹೋದಳು. ನಾನು ಚೀಲ ಹಿಡಿದು, ಕಳಸದಿಂದ ಬಂದಿದ್ದ ಅತ್ತೆಯ ಪಕ್ಕ ಕುಟುಂಬ ನಡಿಗೆಯಲ್ಲಿ ಹೆಜ್ಜೆ ಹಾಕಿದೆ. ನಡಿಗೆಯಲ್ಲಾದರೂ ಮಾನ ಉಳಿಯಲಿ ಎಂದು ಬಿರುಸಾಗಿ ಹೊರಟವನಿಗೆ ಮೊದಲ ಏರಿನಲ್ಲೇ ಉಸಿರು ಕಟ್ಟಿತು. ಅತ್ತೆ ತಿರುಗಿ ನೋಡಿ ಗಾಬರಿಯಾದರು.

"ಯಾಕೆ ಅಳಿಯಂದ್ರೇ, ಮುಖ ಹೀಗಾಗಿದೆ? ಏನಾಯ್ತು?"

ಏನೂ ಇಲ್ಲ, ನಡೀರಿ ಎಂದು ಕೈ ಬೀಸಿದೆ.

ಅತ್ತೆ ನನ್ನ ಬೆನ್ನ ಹಿಂದೆ ಒಮ್ಮೆ ನೋಡಿದರು. ಸೀರೆ ಎತ್ತಿ ಕಟ್ಟಿದರು. ಕುಟುಂಬ ನಡಿಗೆಯ ಮೊದಲ ಬಹುಮಾನ ಅವರಿಗೇ ಬಂತು.